ಅತ್ತೆಗೆ ಏನೂ ಕಡಿಮೆ ಮಾಡಿಲ್ಲ, ಆದರೂ ಊಟ ಬೇಡ ಅಂತಾರೆ

ಪ್ರಶ್ನೆ: ಕುಷ್ಟಗಿ ಹತ್ತಿರದ ಹಳ್ಳಿ ನಮ್ಮದು. ಅತ್ತೆಗೆ 89 ವರ್ಷ. ಹೊಸ ಮನೆ ಕಟ್ಟಿಸಿದಾಗ ಅವರಿಗೆಂದೇ ಒಳಗೊಂದು ರೂಮು, ಟಿವಿ, ಅಲ್ಲೇ ಬಾತ್‌ರೂಮು ಮಾಡಿಸಿದೆವು. ಒಂದು ಕಡ್ಡಿ ಎತ್ತಿಡಲೂ ಬಿಡುವುದಿಲ್ಲ. ಆದರೂ ಎರಡು ತಿಂಗಳಿಂದ ಅರ್ಧ ರೊಟ್ಟಿಗೇ ಸಾಕೆನ್ನುತ್ತಾರೆ, ನಸುಕಿನಲ್ಲೇ ಎದ್ದು ಕೂರುತ್ತಾರೆ. ಮಾತೆತ್ತಿದರೆ ‘ದೇವರು ನನ್ನ ಯಾಕ ಕರಕೊಳ್ಳವಲ್ಲ’ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಕಡಿಮೆ ಮಾಡಿಲ್ಲವ್ವಾ, ತುಸು ಹೆಚ್ಚೇ ಮಾಡಿದ್ದೀರಿ. ಹಳೆ ಮನೆಯಲ್ಲಿ ಅವರ ಹೊರಸು ಪಡಸಾಲೆಯಲ್ಲೇ ಇದ್ದಿರಬೇಕು. ಹೊಲಕ್ಕೆ ಹೋಗುವವರು ‘ಆರಾಮ ಅದೀಯೇನ ಯಮ್ಮಾ’ ಎಂದು ಕೇಳಿ ಮುಂದೆ ಹೋಗುತ್ತಿದ್ದರು. ಒಳರೂಮಿನಲ್ಲಿ ಟಿವಿ ಮಾತಾಡುತ್ತದೆ, ಆದರೆ ಇವರನ್ನು ಏನೂ ಕೇಳುವುದಿಲ್ಲ. ಹಗಲು ಹೊರಸನ್ನು ಪಡಸಾಲೆಗೆ ತನ್ನಿ. ಶೇಂಗಾ ಬಿಡಿಸಲು, ಬತ್ತಿ ಹೊಸೆಯಲು ಕೊಡಿ. ನಿಧಾನವಾದರೂ ಪರವಾಗಿಲ್ಲ; ಅವರು ಮಾಡಿದ್ದನ್ನು ಹಿಂದಿನಿಂದ ನೀವು ಮತ್ತೆ ಮಾಡಬೇಡಿ, ಅದು ಅವರ ಕಣ್ಣಿಗೆ ಬಿದ್ದೇ ಬೀಳುತ್ತದೆ. ಕೌದಿಗೆ ಬಟ್ಟೆ ಹೊಂದಿಸುವಾಗ, ಬೀಗರಿಗೆ ಏನು ಮುಯ್ಯಿ ಮಾಡಬೇಕು ಅನ್ನುವಾಗ ಅವರನ್ನೇ ಕೇಳಿ.

ಇಷ್ಟರಿಂದಲೇ ಎಲ್ಲ ಸರಿಹೋಗುತ್ತದೆ ಅನ್ನಲಾರೆ. ಹಸಿವಿಲ್ಲದಿರುವುದು, ನಸುಕಿನ ಎಚ್ಚರ, ಸಾವಿನ ಮಾತು ಎರಡು ವಾರ ದಾಟಿದರೆ ಖಿನ್ನತೆ ಇರಬಹುದು. ‘ವಯಸ್ಸಾತು, ಹಂಗ ಇರತದ’ ಎಂದು ಬಿಡುವುದು ತಪ್ಪು. ಈ ವಯಸ್ಸಿನಲ್ಲೂ ಮಾತ್ರೆ ಕೆಲಸ ಮಾಡುತ್ತದೆ; ಕಡಿಮೆ ಡೋಸಿನಿಂದ ಶುರುಮಾಡುತ್ತಾರೆ, ಗುಣ ಕಾಣಲು ಕೆಲವು ವಾರ ಬೇಕು. ಅದಕ್ಕೂ ಮೊದಲು ಥೈರಾಯ್ಡ್, ಬಿ12, ರಕ್ತಹೀನತೆ ಪರೀಕ್ಷೆ ಮಾಡಿಸಿ. ಕಿವಿ, ಕಣ್ಣಿನ ಪೊರೆಯನ್ನೂ ತೋರಿಸಿ. ಕಿವಿ ಕೇಳದವರು ಮಾತು ಬಿಡುತ್ತಾರೆ, ಮನೆಯವರು ಅದನ್ನು ಮುನಿಸು ಅಂದುಕೊಳ್ಳುತ್ತಾರೆ. ಕೊಪ್ಪಳ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ.

ಸಾವಿನ ಮಾತು ಬಂದಾಗ ‘ಬಿಡ್ತು ಅನ್ರಿ’ ಎಂದು ಬಾಯಿ ಮುಚ್ಚಿಸಬೇಡಿ. ‘ಯಾಕ ಹಂಗ ಅನಸ್ತದ ಅತ್ತಿ?’ ಎಂದು ಕೇಳಿ, ಕೂತು ಕೇಳಿಸಿಕೊಳ್ಳಿ. ಮಾತ್ರೆ ಕೂಡಿಡುವುದು, ನೀರನ್ನೂ ಬೇಡ ಅನ್ನುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಒಂದೆರಡು ದಿನದಲ್ಲೇ ಮನೆಯವರ ಗುರುತು ಸಿಗದಂತಾದರೆ, ಏನೇನೋ ಬಡಬಡಿಸಿದರೆ ಆಗಲೂ ಹಾಗೆಯೇ ಮಾಡಿ. ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ (ಉಪ್ಪಿನಂಶ) ಇಳಿದಿರುವುದು ಕಾರಣವಿರಬಹುದು.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ನಿಮ್ಮ ಪತ್ರದಲ್ಲಿ ನಿಮ್ಮ ದಣಿವಿನ ಬಗ್ಗೆ ಒಂದು ಸಾಲೂ ಇಲ್ಲ. ಆ ನಂಬರಿಗೆ ನಿಮಗಾಗಿಯೂ ಫೋನ್ ಮಾಡಬಹುದು. ಗಂಡ, ನಾದಿನಿಯರಿಗೂ ವಾರದಲ್ಲಿ ಒಂದು ಪಾಳಿ ಹಂಚಿ.