ಪರಿಸರಸ್ನೇಹಿ ಉದ್ಯಮಗಳ ಹೊಸ ಪ್ರಯತ್ನಗಳಿಗೆ ಬ್ಲಾಕ್‌ಚೈನ್ ಹೇಗೆ ನೆರವಾಗುತ್ತದೆ?

ಪರಸ್ಪರ ಪೂರ್ಣ ನಂಬಿಕೆಯಿಲ್ಲದ ಹಲವು ಸಂಸ್ಥೆಗಳು ಒಂದೇ ದಾಖಲೆಯನ್ನು ಹಂಚಿಕೊಳ್ಳಬೇಕಾಗಿದ್ದು, ಅದನ್ನು ಯಾರೊಬ್ಬರೂ ಗುಟ್ಟಾಗಿ ತಿದ್ದಬಾರದು ಎಂಬ ಅಗತ್ಯವಿರುವಲ್ಲಿ ಬ್ಲಾಕ್‌ಚೈನ್, ಅಂದರೆ ಹಲವು ಕಂಪ್ಯೂಟರ್‌ಗಳಲ್ಲಿ ಪ್ರತಿಗಳಿರುವ ಹಂಚಿಕೆಯ ಡಿಜಿಟಲ್ ದಾಖಲೆ ಪುಸ್ತಕ, ಉಪಯುಕ್ತ. ಒಂದೇ ಕಂಪನಿಯ ಒಳಗಿನ ಲೆಕ್ಕಕ್ಕೆ ಸಾಮಾನ್ಯ ಡೇಟಾಬೇಸ್ ಸಾಕು. ಈ ಸರಳ ಸಂಗತಿಯನ್ನು ಮಾರಾಟಗಾರರು ಹೇಳುವುದು ಅಪರೂಪ.

ಕಾರ್ಬನ್ ಕ್ರೆಡಿಟ್ ಇದಕ್ಕೆ ತಕ್ಕ ಉದಾಹರಣೆ. ಒಂದು ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಹೊರಸೂಸುವಿಕೆಯನ್ನು ತಪ್ಪಿಸಿದ್ದಕ್ಕೆ ಅಥವಾ ಅಷ್ಟನ್ನು ವಾತಾವರಣದಿಂದ ತೆಗೆದದ್ದಕ್ಕೆ ಸಿಗುವ ಒಂದು ಕ್ರೆಡಿಟ್ಟನ್ನು ಇಬ್ಬರು ಖರೀದಿದಾರರು ತಮ್ಮ ತಮ್ಮ ಲೆಕ್ಕಕ್ಕೆ ಸೇರಿಸಿಕೊಂಡರೆ ಇಡೀ ವ್ಯವಸ್ಥೆ ಅರ್ಥ ಕಳೆದುಕೊಳ್ಳುತ್ತದೆ. ಪ್ರತಿ ಕ್ರೆಡಿಟ್ಟಿಗೂ ಬ್ಲಾಕ್‌ಚೈನ್‌ನಲ್ಲಿ ಅದನ್ನು ಪ್ರತಿನಿಧಿಸುವ ಒಂದೇ ಡಿಜಿಟಲ್ ಗುರುತು, ಅಂದರೆ ಟೋಕನ್, ಇದ್ದು, ಬಳಕೆಯಾದೊಡನೆ ಅದು ಎಲ್ಲರಿಗೂ ಕಾಣುವಂತೆ ರದ್ದಾದರೆ ಇಂಥ ಎರಡೆಣಿಕೆ ಕಷ್ಟ. ಆದರೂ ಈಗಾಗಲೇ ಬಳಸಿ ಮುಗಿಸಿದ ಕ್ರೆಡಿಟ್‌ಗಳ ಆಧಾರದಲ್ಲಿ ಟೋಕನ್ ಸೃಷ್ಟಿಸುವ ಪದ್ಧತಿ ಗೊಂದಲ ಹುಟ್ಟಿಸಿದ್ದರಿಂದ, ಕಾರ್ಬನ್ ಕ್ರೆಡಿಟ್‌ಗಳ ನೋಂದಣಿ ಸಂಸ್ಥೆಯಾದ ವೆರಾ 2022ರ ಮೇ ತಿಂಗಳಲ್ಲಿ ಅದನ್ನು ನಿಷೇಧಿಸಿತು.

ಪೂರೈಕೆ ಸರಪಳಿಯಲ್ಲೂ ಅವಕಾಶವಿದೆ. ಐರೋಪ್ಯ ಒಕ್ಕೂಟದ 2023ರ ನಿಯಮವು ವಿದ್ಯುತ್ ವಾಹನಗಳ ಬ್ಯಾಟರಿಗಳಿಗೆ 2027ರ ಫೆಬ್ರವರಿಯಿಂದ ಡಿಜಿಟಲ್ ಪಾಸ್‌ಪೋರ್ಟ್ (ಪ್ರತಿ ಬ್ಯಾಟರಿಯ ವಿವರಗಳ ವಿದ್ಯುನ್ಮಾನ ದಾಖಲೆ) ಕೇಳುತ್ತದೆ. ಅದಕ್ಕೆ ಬ್ಲಾಕ್‌ಚೈನ್ ಕಡ್ಡಾಯವಲ್ಲವಾದರೂ, ಗಣಿಯಿಂದ ಮರುಬಳಕೆಯವರೆಗೆ ಹಲವರು ದಾಖಲಿಸುವ ಮಾಹಿತಿಗೆ ಅದು ಹೊಂದುತ್ತದೆ. ಆದರೆ ಗಣಿಯಲ್ಲೇ ಸುಳ್ಳು ಮಾಹಿತಿ ತುಂಬಿದರೆ ಆ ಸುಳ್ಳೂ ಅಷ್ಟೇ ಭದ್ರವಾಗಿ ಉಳಿಯುತ್ತದೆ. ಆದ್ದರಿಂದ ಸ್ಥಳ ತಪಾಸಣೆ ಮತ್ತು ವಿಶ್ವಾಸಾರ್ಹ ಸಂವೇದಕಗಳು ಅನಿವಾರ್ಯ.

ಬ್ಲಾಕ್‌ಚೈನ್ ಅತಿಯಾಗಿ ವಿದ್ಯುತ್ ಬಳಸುತ್ತದೆ ಎಂಬ ಆಕ್ಷೇಪಣೆ ಬಿಟ್‌ಕಾಯಿನ್ ಮಾದರಿಯ ‘ಗಣಿಗಾರಿಕೆ’ಗೆ (ಹೊಸ ದಾಖಲೆ ಸೇರಿಸಲು ಕಂಪ್ಯೂಟರ್‌ಗಳು ಲೆಕ್ಕಾಚಾರದಲ್ಲಿ ಪೈಪೋಟಿ ನಡೆಸುವ ವಿಧಾನಕ್ಕೆ) ಸರಿಯಾಗಿಯೇ ಅನ್ವಯಿಸುತ್ತದೆ. ಆದರೆ ಇನ್ನೊಂದು ದೊಡ್ಡ ಬ್ಲಾಕ್‌ಚೈನ್ ಆದ ಇಥೀರಿಯಮ್ 2022ರ ಸೆಪ್ಟೆಂಬರ್‌ನಲ್ಲಿ ಆ ವಿಧಾನವನ್ನು ಕೈಬಿಟ್ಟು, ತನ್ನ ವಿದ್ಯುತ್ ಬಳಕೆಯನ್ನು ಶೇ. 99ಕ್ಕಿಂತ ಹೆಚ್ಚು ತಗ್ಗಿಸಿಕೊಂಡಿತು.