‘ಅಜ್ಜ ಯಾವ ಬಸ್ಸಿಗೆ ಬರ್ತಾರೆ?’

ಪ್ರಶ್ನೆ: ಮಾವನವರು ತೀರಿಕೊಂಡು ಎರಡು ತಿಂಗಳಾಯಿತು. ಐದು ವರ್ಷದ ಮಗಳಿಗೆ ‘ಅಜ್ಜ ದೇವರ ಊರಿಗೆ ಹೋಗಿದ್ದಾರೆ’ ಎಂದಿದ್ದೆವು. ಈಗ ದಿನಾ ಸಂಜೆ ಗೇಟಿನ ಹತ್ತಿರ ನಿಂತು ‘ಯಾವ ಬಸ್ಸಿಗೆ ಬರ್ತಾರೆ?’ ಅಂತಾಳೆ. ಇತ್ತ ಅತ್ತೆ ‘ನನ್ನದೂ ಹತ್ತಿರ ಬಂತು’ ಎಂದರೆ ನಮ್ಮ ಯಜಮಾನರು ‘ಬಿಡ್ತು ಅನ್ನಮ್ಮ’ ಎಂದು ಎದ್ದುಹೋಗುತ್ತಾರೆ. ಏನು ಮಾಡಲಿ?
– ಗೃಹಿಣಿ, ತಿಪಟೂರು

ಉತ್ತರ: ಊರಿಗೆ ಹೋದವರು ವಾಪಸ್ ಬರಲೇಬೇಕಲ್ಲವೇ? ಮಗುವಿನ ಲೆಕ್ಕ ಸರಿಯಾಗಿಯೇ ಇದೆ. ಹಂಗೇರಿಯ ಮಕ್ಕಳನ್ನು ಮಾತನಾಡಿಸಿದ ಮರಿಯಾ ನಾಜ್ ಎಂಬ ಮನಶ್ಶಾಸ್ತ್ರಜ್ಞೆ 1948ರಲ್ಲಿ ಬರೆದದ್ದೂ ಇದನ್ನೇ: ಐದರೊಳಗಿನ ಮಕ್ಕಳಿಗೆ ಸಾವೆಂದರೆ ಪ್ರಯಾಣ, ಇಲ್ಲವೇ ನಿದ್ದೆ. ಎಲ್ಲರಿಗೂ ಬರುವಂಥದ್ದು, ಬಂದರೆ ಮುಗಿಯಿತು ಎನ್ನುವುದು ಅವರಿಗೆ ಗಟ್ಟಿಯಾಗುವುದು ಒಂಬತ್ತರ ಆಸುಪಾಸು. ಎಲ್ಲ ಮಕ್ಕಳೂ ಈ ಲೆಕ್ಕಕ್ಕೆ ಸರಿಯಾಗಿ ಬೆಳೆಯುವುದಿಲ್ಲ ಅನ್ನಿ.

ಇವತ್ತೇ ಹೇಳಿಬಿಡಿ: ‘ಅಜ್ಜ ಸತ್ತುಹೋದರು ಪುಟ್ಟಿ. ಅವರ ಮೈ ಕೆಲಸ ನಿಲ್ಲಿಸಿಬಿಟ್ಟಿತು. ಉಸಿರಾಡಲ್ಲ, ಹಸಿವಾಗಲ್ಲ, ನೋವಾಗಲ್ಲ. ತಿರುಗಿ ಬರಲ್ಲ.’ ದೇವರ ಮಾತು ಆಮೇಲೆ ಸೇರಿಸಿ, ಅಡ್ಡಿಯಿಲ್ಲ. ‘ಮಲಗಿದ್ದಾರೆ’ ಎನ್ನಬೇಡಿ, ರಾತ್ರಿ ಮಲಗಲು ಹೆದರಿಯಾಳು. ಬರೀ ‘ಹುಷಾರಿರಲಿಲ್ಲ’ ಎಂದರೂ ನಾಳೆ ನಿಮಗೆ ನೆಗಡಿಯಾದರೆ ಸಾಕು, ಅಳು ಶುರು. ‘ನೀನೂ ಸಾಯ್ತೀಯಾ?’ ಎಂದು ಕೇಳಿಯೇ ಕೇಳುತ್ತಾಳೆ. ‘ಎಲ್ಲರೂ ಒಂದು ದಿನ ಸಾಯ್ತಾರೆ. ನಾನು ಇನ್ನೂ ತುಂಬಾ ವರ್ಷ ನಿನ್ನ ಜೊತೆ ಇರ್ತೀನಿ ಅಂದ್ಕೊಂಡಿದ್ದೀನಿ’ ಎನ್ನಿ. ತಾನು ಹಟ ಮಾಡಿದ್ದಕ್ಕೇ ಅಜ್ಜ ಹೋದರೆಂಬ ಅಳುಕು ಈ ವಯಸ್ಸಿನಲ್ಲಿ ಒಳಗೇ ಕೂತಿರುತ್ತದೆ. ಅವಳು ಕೇಳದಿದ್ದರೂ ‘ನಿನ್ನಿಂದ ಆಗಿದ್ದಲ್ಲ’ ಎನ್ನಿ. ಹತ್ತು ನಿಮಿಷಕ್ಕೆ ಆಟಕ್ಕೆ ಓಡಿದರೆ, ನಾಳೆ ಮತ್ತದೇ ಕೇಳಿದರೆ ಗಾಬರಿ ಬೇಡ.

ಇನ್ನು ಅತ್ತೆ. ಈ ವಯಸ್ಸಿನಲ್ಲಿ ಅನೇಕರಿಗೆ ಸಾವಿಗಿಂತ ಹಾಸಿಗೆ ಹಿಡಿಯುವ ಭಯವೇ ಹೆಚ್ಚು. ನೀವಿಬ್ಬರೇ ಇದ್ದಾಗ ಸೊಪ್ಪು ಬಿಡಿಸುತ್ತಾ ‘ಏನು ಯೋಚನೆ ಅತ್ತೆ?’ ಎಂದು ಕೇಳಿ, ಸುಮ್ಮನೆ ಕೇಳಿಸಿಕೊಳ್ಳಿ. ಮನೆಯಲ್ಲೇ ಇರಬೇಕಾ, ವೆಂಟಿಲೇಟರ್ ಬೇಡವಾ ಎಂಬುದನ್ನು ಅವರೇ ಹೇಳಲಿ. ವಾಸಿಯಾಗುವ ಭರವಸೆಯೇ ಇಲ್ಲದಾಗ ಯಾವ ಚಿಕಿತ್ಸೆ ಬೇಡ ಎಂದು ಮುಂಚಿತವಾಗಿ ಬರೆದಿಡಲು 2018ರಲ್ಲೇ ಸುಪ್ರೀಂ ಕೋರ್ಟ್ ದಾರಿ ಮಾಡಿಕೊಟ್ಟಿದೆ. 2023ರಲ್ಲಿ ಅದನ್ನು ಸಲೀಸು ಮಾಡಿದ್ದರಿಂದ, ಇಬ್ಬರು ಸಾಕ್ಷಿಗಳ ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಆದರೆ ಊಟ, ನಿದ್ದೆ ಬಿಟ್ಟು ‘ನನಗೆ ಬದುಕೇ ಬೇಡ’ ಎನ್ನುತ್ತಿದ್ದರೆ ಅದು ಬೇರೆ. ತಡಮಾಡದೆ ವೈದ್ಯರ ಬಳಿ ಕರೆದೊಯ್ಯಿರಿ.

ನಿಮ್ಮ ಯಜಮಾನರಿಗೆ ಬೈಯಬೇಡಿ. ಅಪ್ಪನನ್ನು ಕಳಕೊಂಡು ಎರಡು ತಿಂಗಳಾಗಿರುವ ಮಗ, ಅಮ್ಮನ ಬಾಯಲ್ಲಿ ಆ ಮಾತು ಹೇಗೆ ಕೇಳಿಯಾನು? ಕಾಗದಪತ್ರದ ಮಾತು ಅವರ ಕಿವಿಗೆ ಆಮೇಲೆ ಹಾಕಿದರಾಯಿತು, ಮೊದಲು ಅವರೂ ಒಮ್ಮೆ ಅಳಲಿ.