ಎಡಿಸನ್‌ನಲ್ಲಿ ಅಂಗಡಿ ಹಾಕುವ ಮುಂಚೆ ಕಾರ್ಡ್ ಫೀಸಿನ ಲೆಕ್ಕ ಹಾಕು

ತಮ್ಮಾ, ಮಂಡ್ಯದಿಂದ ನೀನು ಬರೆದಿದ್ದು ಓದಿದೆ. ಭಾವನ ಜೊತೆ ಪಾಲುದಾರನಾಗಿ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ದಿನಸಿ ಅಂಗಡಿ ನಡೆಸಬೇಕು ಅಂತಿದ್ದೀಯ. ಬಾಡಿಗೆ, ಚಳಿ, ಮಕ್ಕಳ ಸ್ಕೂಲು ಎಲ್ಲ ಕೇಳಿದ್ದೀಯ. ಕೊನೆಗೆ ಒಂದೇ ಸಾಲು: ‘ಅಣ್ಣಾ, ಅಲ್ಲಿ ಎಲ್ಲರೂ ಕಾರ್ಡ್ ಉಜ್ಜುತ್ತಾರಂತೆ, ಅದಕ್ಕೆ ಅಂಗಡಿಯವರು ಏನಾದರೂ ಕೊಡಬೇಕಾ?’ ಚಳಿಗೆ ಜಾಕೆಟ್ ಸಿಗುತ್ತದೆ, ಸ್ಕೂಲಿನ ವಿಷಯ ಅಕ್ಕ ಹೇಳುತ್ತಾಳೆ. ನಾನು ಈ ಕೊನೆಯ ಸಾಲಿಗೆ ಉತ್ತರ ಬರೆಯುತ್ತೇನೆ. ಇಲ್ಲಿ ವರ್ಷಗಟ್ಟಲೆ ಅಂಗಡಿ ನಡೆಸಿದ್ದೇನೆ, ಸಣ್ಣ ವ್ಯಾಪಾರದವರ ಲಾಭ ಎಲ್ಲಿ ಸೋರುತ್ತದೆ ಅಂತ ನೋಡಿದ್ದೇನೆ.

ವಿ.ವಿ. ರಸ್ತೆಯ ನಿಮ್ಮ ಅಂಗಡಿಯಲ್ಲಿ ಅಪ್ಪ ಕ್ಯೂಆರ್ ಅಂಟಿಸಿದ್ದಾರೆ. ಗಿರಾಕಿ ಬ್ಯಾಂಕ್ ಖಾತೆಯಿಂದ ನೂರು ರೂಪಾಯಿ ಹಾಕಿದರೆ ನೂರೂ ಬಂದು ಬೀಳುತ್ತದೆ. 2020ರ ಜನವರಿಯಿಂದ ಯುಪಿಐಗೆ, ರುಪೇ ಡೆಬಿಟ್ ಕಾರ್ಡಿಗೆ ಅಂಗಡಿಯವರ ಹತ್ತಿರ ಫೀಸು ಕೀಳುವಂತಿಲ್ಲ. ಸೌಂಡ್‌ಬಾಕ್ಸ್ ಬಾಡಿಗೆ ಕಟ್ಟಿದರೆ ಮುಗಿಯಿತು. ಇಲ್ಲಿ ಹಾಗಲ್ಲ. ಗಿರಾಕಿ ಕ್ರೆಡಿಟ್ ಕಾರ್ಡ್ ಉಜ್ಜಿ 100 ಡಾಲರ್ ಕೊಟ್ಟರೆ ನಿನಗೆ ಬರುವುದು ಸುಮಾರು 97. ಕಡಿತವಾದದ್ದರಲ್ಲಿ ದೊಡ್ಡ ಪಾಲು ಗಿರಾಕಿಗೆ ಕಾರ್ಡ್ ಕೊಟ್ಟ ಬ್ಯಾಂಕಿಗೆ, ಅದಕ್ಕೆ ಇಂಟರ್‌ಚೇಂಜ್ ಅಂತಾರೆ. ಸ್ವಲ್ಪ ವೀಸಾ, ಮಾಸ್ಟರ್‌ಕಾರ್ಡ್‌ನಂಥ ಕಂಪನಿಗೆ. ಉಳಿದದ್ದು ನಿನಗೆ ಮಿಷನ್ ಕೊಟ್ಟು ಹಣ ದಾಟಿಸುವ ಪ್ರೊಸೆಸರ್‌ಗೆ. ಮೊದಲ ಎರಡರಲ್ಲಿ ನಮ್ಮಂಥವರ ಚೌಕಾಸಿ ನಡೆಯಲ್ಲ. ಮೂರನೆಯದರಲ್ಲಿ ನಡೆಯುತ್ತದೆ.

ಒಂದು ಬಿಲ್ಲು ತಗೋ. ಹಾಲಿನ ಕ್ಯಾನು, ಒಂದು ಕಟ್ಟು ಕೊತ್ತಂಬರಿ, 5 ಡಾಲರ್. ನಿನ್ನ ಒಪ್ಪಂದ ಶೇಕಡಾ 2.6, ಮೇಲೆ ಪ್ರತಿ ಸಲಕ್ಕೆ 15 ಸೆಂಟ್ ಅಂತಿಟ್ಟುಕೋ. ಶೇಕಡಾವಾರು 13 ಸೆಂಟ್, ಜೊತೆಗೆ ಆ 15. ಒಟ್ಟು 28 ಸೆಂಟ್, ಅಂದರೆ ಶೇಕಡಾ 5.6. ಹಾಲಿನಲ್ಲಿ ನಿನಗೆ ಅಷ್ಟು ಉಳಿಯುತ್ತದಾ? ದೊಡ್ಡ ಬಿಲ್ಲಿನಲ್ಲಿ ಈ 15 ಸೆಂಟ್ ಕಾಣುವುದೇ ಇಲ್ಲ, ಪುಡಿ ವ್ಯಾಪಾರದಲ್ಲಿ ಅದೇ ಕುತ್ತಿಗೆಗೆ ಬರುತ್ತದೆ. ಇನ್ನೊಂದು ಮಾತು. ಫೀಸು ಕೀಳುವುದು ಮಾರಿದ ಹಣದ ಮೇಲೆ. ಬಾಡಿಗೆ, ಸಂಬಳ, ಕೊಳೆತ ತರಕಾರಿ ಎಲ್ಲ ಕಳೆದು ನೂರಕ್ಕೆ ಐದು ಡಾಲರ್ ಉಳಿಯುತ್ತದೆ ಅಂದುಕೊಂಡಿದ್ದರೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೀಗೇ ಹೋಗುತ್ತದೆ. ಪ್ರೆಶರ್ ಕುಕ್ಕರ್ ಮಾರಿದರೆ ಅದಕ್ಕೆ ಶೇಕಡಾ 6.625 ಸೇಲ್ಸ್ ಟ್ಯಾಕ್ಸ್. ಆ ಹಣ ರಾಜ್ಯಕ್ಕೆ ಕಟ್ಟುವುದು, ನಿನ್ನದಲ್ಲ. ಆದರೂ ಅದರ ಮೇಲಿನ ಕಾರ್ಡ್ ಫೀಸು ನಿನ್ನ ತಲೆಗೇ.

ನನಗೆ ಸಿಟ್ಟು ಬರುವುದು ಪಾಯಿಂಟ್ಸ್ ವಿಷಯಕ್ಕೆ. ಕ್ಯಾಶ್‌ಬ್ಯಾಕ್, ಫ್ರೀ ವಿಮಾನ ಟಿಕೆಟ್ ಕೊಡುವ ಕಾರ್ಡುಗಳಿಗೆ ಇಂಟರ್‌ಚೇಂಜ್ ಇನ್ನೂ ಜಾಸ್ತಿ. ದೊಡ್ಡ ಸಂಬಳದವರ ಟಿಕೆಟ್ಟಿಗೆ ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆಯುವ ಅಂಗಡಿಯವನು ದುಡ್ಡು ಹಾಕಬೇಕು. ಅವನು ಬೇಳೆ ಬೆಲೆ ಏರಿಸಿದರೆ ಪಾಯಿಂಟ್ಸೇ ಇಲ್ಲದೆ ನೋಟು ಎಣಿಸಿ ಕೊಡುವ ಅಜ್ಜಿಯೂ ಅದನ್ನು ತೆರಬೇಕು. ಇದು ಸರಿಯಲ್ಲ. ಯುರೋಪಿನಲ್ಲಿ 2015ರ ಕಾನೂನು ಮಾಮೂಲಿ ಕ್ರೆಡಿಟ್ ಕಾರ್ಡಿನ ಇಂಟರ್‌ಚೇಂಜನ್ನು ಶೇಕಡಾ 0.3ಕ್ಕೆ ಕಟ್ಟಿಹಾಕಿದೆ. ಅಮೆರಿಕದಲ್ಲಿ 2010ರ ಕಾನೂನಿನಿಂದ ದೊಡ್ಡ ಬ್ಯಾಂಕುಗಳ ಡೆಬಿಟ್ ಕಾರ್ಡಿಗೆ ಮಿತಿ ಬಂತು, ಕ್ರೆಡಿಟ್ ಕಾರ್ಡನ್ನು ಹಾಗೇ ಬಿಟ್ಟರು.

ಹಾಗಂತ ಕಾರ್ಡಿನಿಂದ ನಮಗೆ ಏನೂ ಸಿಗಲ್ಲ ಅಂತಲ್ಲ. ನಿಮ್ಮ ಅಪ್ಪನ ಉದ್ರಿ ಬುಕ್ಕು ನೆನಪು ಮಾಡಿಕೋ. ಕಬ್ಬಿನ ಬಾಕಿ ಬಂದ ಮೇಲೆ ಕೊಡ್ತೀವಿ ಅಂತ ತಿಂಗಳುಗಟ್ಟಲೆ ಬರೆಸುತ್ತಾರೆ, ಕೇಳಿದರೆ ಮುಖ ಊದಿಸುತ್ತಾರೆ. ಇಲ್ಲಿ ಆ ಕಾಯುವ ಕೆಲಸ ಬ್ಯಾಂಕಿನದು. ಎರಡು ದಿನದೊಳಗೆ ಹಣ ಸಾಮಾನ್ಯವಾಗಿ ಖಾತೆಗೆ ಬರುತ್ತದೆ. ಅದಕ್ಕೆ ಒಂದು ಬೆಲೆ ಇದೆ, ಒಪ್ಪುತ್ತೇನೆ. ಆದರೆ ಈಗ ಕೀಳುತ್ತಿರುವಷ್ಟು ಅಲ್ಲ.

ನಗದು ಮಾತ್ರ ಅಂತ ಬೋರ್ಡ್ ಹಾಕಿದರೆ? 2025ರ ಜುಲೈನಲ್ಲಿ ಜಿಎಸ್‌ಟಿ ನೋಟಿಸಿಗೆ ಹೆದರಿ ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳು ಕ್ಯೂಆರ್ ಕಿತ್ತಿದ್ದನ್ನು ನೀನೇ ನೋಡಿದ್ದೀಯ. ಅದು ತೆರಿಗೆಯ ಗಲಾಟೆ, ಇದು ಬೇರೆ. ಆದರೆ ಗಿರಾಕಿ ಮಾಡುವುದು ಎರಡೂ ಕಡೆ ಒಂದೇ: ಪಕ್ಕದ ಅಂಗಡಿಗೆ ಹೋಗುತ್ತಾನೆ. ಅದರ ಬದಲು ಕಾನೂನು ಕೊಟ್ಟಿರುವ ದಾರಿ ಹಿಡಿ. ಕ್ರೆಡಿಟ್ ಕಾರ್ಡಿಗೆ ಕನಿಷ್ಠ 10 ಡಾಲರ್ ಬಿಲ್ಲಾಗಬೇಕು ಅಂತ ಹಾಕಬಹುದು, ಡೆಬಿಟ್ಟಿಗೆ ಹಾಗೆ ಹಾಕುವಂತಿಲ್ಲ. ನಗದು ಕೊಟ್ಟವರಿಗೆ ರಿಯಾಯಿತಿ ಕೊಡಬಹುದು. ಕ್ರೆಡಿಟ್ ಕಾರ್ಡಿಗೆ ಸರ್‌ಚಾರ್ಜ್, ಅಂದರೆ ಬಿಲ್ಲಿನ ಮೇಲೆ ಹೆಚ್ಚುವರಿ ಹಣ, ಕೂಡ ಹಾಕಬಹುದು, ಆದರೆ ನ್ಯೂಜೆರ್ಸಿಯಲ್ಲಿ ನೀನು ನಿಜವಾಗಿ ಕಟ್ಟುವ ಫೀಸಿಗಿಂತ ಒಂದು ಸೆಂಟೂ ಜಾಸ್ತಿ ತಗೊಳ್ಳಬಾರದು, ಮೊದಲೇ ಕಾಣುವ ಹಾಗೆ ಬರೆದಿರಬೇಕು. ನಾನು ರಿಯಾಯಿತಿಯನ್ನೇ ಆರಿಸುತ್ತೇನೆ. ಬಿಲ್ಲಿನ ಕೆಳಗೆ ಹೆಚ್ಚುವರಿ ಸಾಲು ಕಂಡರೆ ಹಳೇ ಗಿರಾಕಿಗೂ ಬೇಜಾರಾಗುತ್ತದೆ.

ಈಗ ನಿಜವಾದ ಗುಂಡಿ. ನೀನು ಅಂಗಡಿ ತೆರೆದ ವಾರದಲ್ಲೇ ಒಬ್ಬ ನಗುತ್ತಾ ಬರುತ್ತಾನೆ, ಕಮ್ಮಿ ರೇಟು ಅಂತ ಒಂದು ಹಾಳೆ ತೋರಿಸುತ್ತಾನೆ. ಜೊತೆಗೇ ಮಿಷನ್ ಲೀಸ್, ಅಂದರೆ ಕಾರ್ಡ್ ಮಿಷನ್ನಿನ ಬಾಡಿಗೆ ಕರಾರು, ಅಂತ ಬೇರೆ ಕಾಗದಕ್ಕೆ ಸಹಿ ಕೇಳುತ್ತಾನೆ. ನಮ್ಮ ಊರಿನವರೇ ಒಬ್ಬರು ತಿಂಡಿ ಹೋಟೆಲ್ ಇಟ್ಟಿದ್ದರು. ತಿಂಗಳಿಗೆ 60 ಡಾಲರ್ ತಾನೇ ಅಂತ ಸಹಿ ಹಾಕಿದರು. 48 ತಿಂಗಳು, ನಡುವೆ ಬಿಡುವ ಹಾಗಿಲ್ಲ, ಮೇಲೆ ಅವರ ಸ್ವಂತ ಜಾಮೀನು. ಹೋಟೆಲ್ ಮುಚ್ಚಿದ ಮೇಲೂ ಕಂತು ಕಟ್ಟುತ್ತಲೇ ಇದ್ದರು. ಒಟ್ಟು 2,880 ಡಾಲರ್. ಅಂಥ ಮಿಷನ್ ಕೆಲವು ನೂರು ಡಾಲರ್‌ಗೆ ಸ್ವಂತಕ್ಕೇ ಸಿಗುತ್ತದೆ. ಆ ಮನುಷ್ಯ ನಾಲ್ಕು ಗಂಟೆಗೆ ಎದ್ದು ಇಡ್ಲಿ ಹಿಟ್ಟು ರುಬ್ಬುತ್ತಿದ್ದವರು. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮಿಷನ್ ಕೊಂಡುಕೋ, ಲೀಸ್ ಬೇಡ. ಕರಾರು ಮುರಿದರೆ ದಂಡ ಎಷ್ಟು ಅಂತ ಬರೆಸಿಕೋ. ರಿಟರ್ನ್ ಬಂದ ಸಾಮಾನಿನ ಫೀಸು ವಾಪಸ್ ಕೊಡುತ್ತಾರಾ ಕೇಳು, ಬಹಳ ಜನ ಕೊಡಲ್ಲ. ಭಾವ ಆ ಅಂಗಡಿಯನ್ನು ಈಗ ನಡೆಸುತ್ತಿರುವವರಿಂದ ಕೊಳ್ಳುತ್ತಿದ್ದಾರೆ ಅಂತ ಬರೆದಿದ್ದೀಯಲ್ಲ, ಅವರ ಪ್ರೊಸೆಸರ್ ಸ್ಟೇಟ್‌ಮೆಂಟ್ ಮೂರು ತಿಂಗಳದ್ದು ಕೇಳಿ ತರಿಸು. ಫೀಸೆಲ್ಲ ಕೂಡಿಸಿ ಆ ತಿಂಗಳ ಕಾರ್ಡ್ ವ್ಯಾಪಾರದಿಂದ ಭಾಗಿಸು. ಶೇಕಡಾ 3 ದಾಟಿದರೆ ಸಹಿ ಹಾಕುವ ಮುಂಚೆ ನನಗೆ ಕಳಿಸು, ಒಂದೊಂದೇ ಸಾಲು ಕೂತು ನೋಡೋಣ.